ಜಾನ್ ಗಲಾರ್ಡಿ

ಜಾನ್ ಗಲಾರ್ಡಿ (ನವೆಂಬರ್ 1, 1926 – ಅಕ್ಟೋಬರ್ 7, 2018) ಅಮೆರಿಕದ ಕಾಲೇಜು ಫುಟ್‌ಬಾಲ್ ತರಬೇತುದಾರರು. ಮಿನ್ನೆಸೋಟ ರಾಜ್ಯದ ಕಾಲೇಜ್‌ವಿಲ್‌ನಲ್ಲಿರುವ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ತಂಡಕ್ಕೆ 1953ರಿಂದ 2012ರವರೆಗೆ, ಅಂದರೆ 60 ಋತುಗಳ ಕಾಲ, ಮುಖ್ಯ ತರಬೇತುದಾರರಾಗಿದ್ದರು. ಅವರ ತಂಡಗಳು ಒಟ್ಟು 489 ಪಂದ್ಯಗಳನ್ನು ಗೆದ್ದು, 138ರಲ್ಲಿ ಸೋತು, 11ರಲ್ಲಿ ಸಮ ಮಾಡಿಕೊಂಡವು. ಇದು ಅಮೆರಿಕದ ಕಾಲೇಜು ಫುಟ್‌ಬಾಲ್ ಚರಿತ್ರೆಯಲ್ಲಿ ಒಬ್ಬ ತರಬೇತುದಾರನ ಅತಿ ಹೆಚ್ಚಿನ ಗೆಲುವುಗಳ ದಾಖಲೆಯಾಗಿದೆ.

ಆಟದ ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಪ್ರಚಲಿತವಿರುವ ಕಾಲ್ಚೆಂಡಾಟಕ್ಕಿಂತ ಭಿನ್ನವಾದುದು. ತಲಾ 11 ಆಟಗಾರರ ಎರಡು ತಂಡಗಳು ಮೊಟ್ಟೆಯಾಕಾರದ ಚೆಂಡಿನೊಡನೆ ಆಡುತ್ತವೆ. ಚೆಂಡು ಹೊಂದಿರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುನ್ನಡೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡವುತ್ತಾರೆ. ಇದನ್ನು ಟ್ಯಾಕಲ್ ಎನ್ನುತ್ತಾರೆ. ಆಟಗಾರರು ಶಿರಸ್ತ್ರಾಣ ಧರಿಸಿದ್ದರೂ ತಲೆಗೆ ಪೆಟ್ಟಾಗುವುದು ಈ ಆಟದ ದೊಡ್ಡ ಅಪಾಯ.

ಕಾಲೇಜು ತಂಡಗಳು ಹಲವು ವಿಭಾಗಗಳಲ್ಲಿ ಸ್ಪರ್ಧಿಸುತ್ತವೆ. ಸೇಂಟ್ ಜಾನ್ಸ್ ಸೇರಿರುವ ಮೂರನೆಯ ವಿಭಾಗದಲ್ಲಿ ಬಹುಪಾಲು ಸಣ್ಣ ಕಾಲೇಜುಗಳಿವೆ. ಇಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ.

ಆರಂಭಿಕ ಜೀವನ

ಗಲಾರ್ಡಿಯವರು ಕೊಲೊರಾಡೊ ರಾಜ್ಯದ ಗಣಿ ಪಟ್ಟಣವಾದ ಟ್ರಿನಿಡಾಡ್‌ನಲ್ಲಿ, ಇಟಲಿ ಮೂಲದ ಕುಟುಂಬದಲ್ಲಿ ಜನಿಸಿದರು. 1943ರಲ್ಲಿ ಅವರ ಪ್ರೌಢಶಾಲೆಯ ತರಬೇತುದಾರರು ಎರಡನೆಯ ಮಹಾಯುದ್ಧದ ಸೈನ್ಯಸೇವೆಗೆ ಹೋಗಬೇಕಾಯಿತು. ತಂಡವೇ ನಿಂತುಹೋಗುವ ಸಂದರ್ಭದಲ್ಲಿ 16 ವರ್ಷದ ಗಲಾರ್ಡಿ ಆಟಗಾರನಾಗಿದ್ದುಕೊಂಡೇ ತರಬೇತಿಯ ಹೊಣೆಯನ್ನು ವಹಿಸಿಕೊಂಡರು. ತಮಗೂ ಗೆಳೆಯರಿಗೂ ಬೇಸರ ತರುತ್ತಿದ್ದ ಕಠಿಣ ಕವಾಯತುಗಳನ್ನು ಕೈಬಿಟ್ಟರು; ಅಭ್ಯಾಸದ ನಡುವೆ ನೀರು ಕುಡಿಯಲು ಅವಕಾಶ ಕೊಟ್ಟರು. ಅವರ ಮುಂದಿನ ವಿಧಾನದ ಬೀಜ ಇಲ್ಲಿಯೇ ಇದೆ. ಮುಂದೆ ಕೊಲೊರಾಡೊ ಕಾಲೇಜಿನಲ್ಲಿ ಓದುತ್ತಲೇ ಪ್ರೌಢಶಾಲಾ ತಂಡಕ್ಕೆ ತರಬೇತಿ ನೀಡಿ, 1949ರಲ್ಲಿ ಪದವಿ ಪಡೆದರು.

ವೃತ್ತಿಜೀವನ

ಅದೇ ವರ್ಷ ಮೊಂಟಾನ ರಾಜ್ಯದ ಹೆಲೆನಾದಲ್ಲಿರುವ ಕ್ಯಾರೊಲ್ ಕಾಲೇಜಿನ ತರಬೇತುದಾರರಾದರು. ನಾಲ್ಕು ಋತುಗಳಲ್ಲಿ 24 ಗೆಲುವು, 6 ಸೋಲು ಮತ್ತು ಒಂದು ಸಮ ಅವರ ಸಾಧನೆ. 1953ರಲ್ಲಿ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಸ್ಥಾಪಿಸಿದ ಸೇಂಟ್ ಜಾನ್ಸ್‌ಗೆ ಬಂದರು. ಅವರಿಗೆ ಮೊದಲು ಆ ಸ್ಥಾನದಲ್ಲಿದ್ದವರು ವೃತ್ತಿಪರ ಫುಟ್‌ಬಾಲಿನ ಹೆಸರಾಂತ ಆಟಗಾರ ಜಾನಿ ಬ್ಲಡ್ ಮೆಕ್‌ನ್ಯಾಲಿ. ಕೆಲವು ವರ್ಷ ಗಲಾರ್ಡಿಯವರು ಕಾಲೇಜಿನ ಐಸ್ ಹಾಕಿ ತಂಡಕ್ಕೂ ತರಬೇತಿ ನೀಡಿದರು.

ಅವರ ತಂಡ 1963, 1965, 1976 ಮತ್ತು 2003ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು, 27 ಬಾರಿ ತನ್ನ ಪ್ರಾಂತೀಯ ಕೂಟದ ಪ್ರಶಸ್ತಿಯನ್ನು ಗೆದ್ದಿತು.

ತರಬೇತಿಯ ವಿಧಾನ

ಗಲಾರ್ಡಿಯವರ ಪದ್ಧತಿ 'ಇಲ್ಲ'ಗಳಿಂದ ಪ್ರಸಿದ್ಧವಾಯಿತು. ಅಭ್ಯಾಸದಲ್ಲಿ ಟ್ಯಾಕಲ್ ಇಲ್ಲ, ಸೀಟಿ ಇಲ್ಲ, ಶಿಕ್ಷೆಯ ಓಟವಿಲ್ಲ, ಹೊಸಬರ ಮೇಲೆ ಹಿರಿಯರ ದಬ್ಬಾಳಿಕೆ ಇಲ್ಲ. ಅಭ್ಯಾಸ 90 ನಿಮಿಷ ಮೀರುತ್ತಿರಲಿಲ್ಲ. ಆಟಗಾರರು ಅವರನ್ನು 'ಕೋಚ್' ಎನ್ನದೆ 'ಜಾನ್' ಎಂದೇ ಕರೆಯಬೇಕಿತ್ತು. ಆಡಲು ಬಂದ ವಿದ್ಯಾರ್ಥಿಯನ್ನು ತಂಡದಿಂದ ಹೊರಗಿಡುತ್ತಿರಲಿಲ್ಲ. ಆದ್ದರಿಂದ ತಂಡದ ಸಂಖ್ಯೆ ಕೆಲವೊಮ್ಮೆ 150 ದಾಟುತ್ತಿತ್ತು.

ಇದರರ್ಥ ಶಿಸ್ತಿನ ಸಡಿಲಿಕೆಯಲ್ಲ. ಅಭ್ಯಾಸದ ಸಮಯವೆಲ್ಲ ಚಲನೆಗಳನ್ನು ಲೋಪವಿಲ್ಲದೆ ಪುನರಾವರ್ತಿಸುವುದಕ್ಕೆ ಮೀಸಲಾಗಿತ್ತು. ಅಭ್ಯಾಸದಲ್ಲಿ ಗಾಯಗೊಳ್ಳದ ಆಟಗಾರ ಪಂದ್ಯಕ್ಕೆ ಲಭ್ಯನಿರುತ್ತಾನೆ ಎಂಬುದು ಇದರ ಹಿಂದಿನ ಸರಳ ತರ್ಕ. ಪದೇಪದೇ ತಲೆಗೆ ಬೀಳುವ ಪೆಟ್ಟು ಮೆದುಳಿಗೆ ದೀರ್ಘಕಾಲಿಕ ಹಾನಿ ಉಂಟುಮಾಡಬಲ್ಲದೆಂಬ ಕಳವಳ 21ನೆಯ ಶತಮಾನದಲ್ಲಿ ವ್ಯಾಪಕವಾದ ಮೇಲೆ ಈ ವಿಧಾನಕ್ಕೆ ಹೊಸ ಮಹತ್ವ ಬಂದಿತು. 2016ರಲ್ಲಿ ಐವಿ ಲೀಗ್‌ನ ತರಬೇತುದಾರರು ಋತುವಿನ ಅಭ್ಯಾಸಗಳಲ್ಲಿ ಪೂರ್ಣ ಪ್ರಮಾಣದ ಟ್ಯಾಕಲ್ ಕೈಬಿಡಲು ಒಪ್ಪಿದರು. ಗಲಾರ್ಡಿಯವರು ಇದನ್ನು ದಶಕಗಳ ಹಿಂದೆಯೇ ಆಚರಣೆಗೆ ತಂದಿದ್ದರು.

2003ರ ಋತು

ನವೆಂಬರ್ 8, 2003ರಂದು ಬೆಥೆಲ್ ತಂಡವನ್ನು 29–26ರಿಂದ ಸೋಲಿಸಿದಾಗ ಗಲಾರ್ಡಿಯವರ ಗೆಲುವುಗಳ ಸಂಖ್ಯೆ 409ಕ್ಕೆ ಏರಿತು. ಗ್ರ್ಯಾಂಬ್ಲಿಂಗ್ ಸ್ಟೇಟ್ ವಿಶ್ವವಿದ್ಯಾಲಯದ ಎಡ್ಡಿ ರಾಬಿನ್ಸನ್ ಅವರ 408ರ ದಾಖಲೆ ಅಂದು ಹಿಂದಾಯಿತು. ಅದೇ ಋತುವಿನ ಅಂತಿಮ ಪಂದ್ಯದಲ್ಲಿ, ಸತತ 55 ಪಂದ್ಯಗಳನ್ನು ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು ಸೇಂಟ್ ಜಾನ್ಸ್ 24–6ರಿಂದ ಮಣಿಸಿತು. ಆಗ ಅವರಿಗೆ 77 ವರ್ಷ.

ಗೌರವಗಳು ಮತ್ತು ನಿವೃತ್ತಿ

ಮೂರನೆಯ ವಿಭಾಗದ ಶ್ರೇಷ್ಠ ಆಟಗಾರನಿಗೆ 1993ರಿಂದ 'ಗಲಾರ್ಡಿ ಟ್ರೋಫಿ' ನೀಡಲಾಗುತ್ತಿದೆ. ಆಟದ ಜೊತೆಗೆ ವಿದ್ಯಾಭ್ಯಾಸ ಮತ್ತು ಸಮಾಜಸೇವೆಯನ್ನೂ ಈ ಆಯ್ಕೆಯಲ್ಲಿ ಪರಿಗಣಿಸುತ್ತಾರೆ. 2006ರಲ್ಲಿ, ಇನ್ನೂ ಸೇವೆಯಲ್ಲಿರುವಾಗಲೇ, ಗಲಾರ್ಡಿಯವರು ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಕ್ರೀಡಾ ಬರಹಗಾರ ಆಸ್ಟಿನ್ ಮರ್ಫಿ ಈ ತಂಡದೊಡನೆ ಒಂದು ಋತುವನ್ನು ಕಳೆದು 'ದಿ ಸ್ವೀಟ್ ಸೀಸನ್' ಎಂಬ ಪುಸ್ತಕ ಬರೆದರು.

2012ರ ನವೆಂಬರ್‌ನಲ್ಲಿ, 86ನೆಯ ವಯಸ್ಸಿನಲ್ಲಿ, ಗಲಾರ್ಡಿಯವರು ನಿವೃತ್ತಿ ಘೋಷಿಸಿದರು. ಅವರ ಸ್ಥಾನಕ್ಕೆ ಗ್ಯಾರಿ ಫ್ಯಾಶಿಂಗ್ ಬಂದರು. ಗಲಾರ್ಡಿಯವರು 2018ರಲ್ಲಿ, 91ನೆಯ ವಯಸ್ಸಿನಲ್ಲಿ ನಿಧನರಾದರು.