ಅರಕ್ಕಲ್ ಬೀವಿಯರ ಮನೆ, ದ್ವೀಪದ ಹೆಂಗಸರ ಹಗ್ಗ

ರಾಜ್ಯವಾಳಿದ ಮುಸ್ಲಿಮ್ ಮಹಿಳೆಯರ ಮಾತು ಬಂದಾಗ ನಾವು ರಝಿಯಾ ಸುಲ್ತಾನ, ಚಾಂದ್ ಬೀಬಿ, ಭೋಪಾಲದ ಬೇಗಮರ ಹೆಸರು ಹೇಳಿ ಸುಮ್ಮನಾಗುತ್ತೇವೆ. ಮಂಗಳೂರಿನಿಂದ ರೈಲಿನಲ್ಲಿ ಎರಡು-ಎರಡೂವರೆ ಗಂಟೆಯ ದಾರಿಯಾದ ಕಣ್ಣೂರಿನಲ್ಲಿ ಅಂಥ ಬೀವಿಯರು ಒಬ್ಬರಲ್ಲ, ಹಲವರು ಪಟ್ಟವೇರಿದ್ದರು ಎಂಬುದು ನೆನಪಾಗುವುದಿಲ್ಲ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಲೆಕ್ಕದಲ್ಲಿ ನಾವು ಅವರ ಮನೆಯನ್ನು ನೋಡಿ ಬಂದೆವು.

ಅರಕ್ಕಲ್ ಕೇರಳದ ಏಕೈಕ ಮುಸ್ಲಿಮ್ ರಾಜಮನೆತನ. ಅವರ ಅರಮನೆ ಎಂದರೆ ಮೈಸೂರಿನ ವೈಭವವನ್ನು ಕಲ್ಪಿಸಿಕೊಳ್ಳಬಾರದು. ಮುರಕಲ್ಲು ಮತ್ತು ಮರದಿಂದ ಕಟ್ಟಿದ, ನಮ್ಮ ಕರಾವಳಿಯ ದೊಡ್ಡ ಮನೆಗಳನ್ನೇ ಹೋಲುವ ಕಟ್ಟಡಗಳು. ದರ್ಬಾರ್ ಹಾಲ್ ಇದ್ದ ಭಾಗ 2005ರಲ್ಲಿ ಮ್ಯೂಸಿಯಮ್ ಆಯಿತು. ಮಹಡಿಗೆ ಮರದ ನೆಲ, ಕಿಟಕಿಗಳಿಗೆ ಬಣ್ಣದ ಗಾಜು. ಹಳೆಯ ಕುರ್‌ಆನ್ ಪ್ರತಿಗಳು, ಮೊಹರುಗಳು, ಖಡ್ಗಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಈ ಮನೆತನದ ಪದ್ಧತಿ ತುಳುನಾಡಿನವರಿಗೆ ಅಪರಿಚಿತವಲ್ಲ. ಅಳಿಯ ಸಂತಾನದಂತೆ ಇಲ್ಲಿಯೂ ವಂಶ ತಾಯಿಯ ಕಡೆಯಿಂದ. ಗಂಡಾಗಲಿ ಹೆಣ್ಣಾಗಲಿ, ಹಿರಿಯರಿಗೇ ಪಟ್ಟ. ಗಂಡಸಾದರೆ ಅಲಿರಾಜ, ಹೆಂಗಸಾದರೆ ಅರಕ್ಕಲ್ ಬೀವಿ. 1766ರಲ್ಲಿ ಹೈದರಲಿ ಮಲಬಾರಿಗೆ ದಂಡೆತ್ತಿ ಬಂದಾಗ ಅವನ ಜೊತೆ ನಿಂತದ್ದು ಒಬ್ಬ ಅಲಿರಾಜ. ಪೋರ್ಚುಗೀಸರು 1505ರಲ್ಲಿ ಕಟ್ಟಿದ ಕಣ್ಣೂರಿನ ಕೋಟೆಯನ್ನು 1772ರಲ್ಲಿ ಡಚ್ಚರಿಂದ ಕೊಂಡದ್ದೂ ಈ ಮನೆತನವೇ. 1790ರಲ್ಲಿ ಇಂಗ್ಲಿಷ್ ಕಂಪನಿಯ ಸೈನ್ಯಕ್ಕೆ ಕಣ್ಣೂರು ಸೋತಾಗ ಪಟ್ಟದಲ್ಲಿದ್ದವರು ಒಬ್ಬ ಬೀವಿ.

ಇಷ್ಟನ್ನು ಕೇಳಿದರೆ ಯಾರಿಗಾದರೂ ಅಭಿಮಾನ ಉಕ್ಕುತ್ತದೆ. ನಮಗೂ ಉಕ್ಕಿತು. ಆದರೆ ಈ ಮನೆಯ ಸಂಪತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೇಳದೆ ಹೊರಬಂದರೆ ಅದು ಚರಿತ್ರೆಯ ಓದಾಗುವುದಿಲ್ಲ.

ಸಂಜೆ ಪಯ್ಯಾಂಬಲಂ ಕಡಲ ತೀರಕ್ಕೆ ಹೋದಾಗ ಉತ್ತರ ಎದುರಿಗೇ ಇತ್ತು. ಆ ನೀರಿನಾಚೆ, ಇನ್ನೂರು ಕಿಲೋಮೀಟರಿಗೂ ದೂರದಲ್ಲಿ, ಕಣ್ಣಿಗೆ ಕಾಣದ ಲಕ್ಷದ್ವೀಪವಿದೆ. ಅರಕ್ಕಲ್‌ನ ಬಲವೆಲ್ಲ ಆ ದ್ವೀಪಗಳಿಂದ, ಅಲ್ಲಿಯ ತೆಂಗಿನಿಂದ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ಕೊಳೆಸಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಅದನ್ನು ಅರಕ್ಕಲ್‌ನವರಿಗೇ ಮಾರಬೇಕು, ಅವರು ಹೇಳಿದ ಬೆಲೆಗೇ ಮಾರಬೇಕು. ಬದಲಿಗೆ ಸಿಗುತ್ತಿದ್ದುದು ಅಕ್ಕಿ. ಆಳುವವಳೂ ಹೆಣ್ಣು, ಹಗ್ಗ ಹೊಸೆಯುವವಳೂ ಹೆಣ್ಣು. ಇಬ್ಬರೂ ಒಂದೇ ಕಿಬ್ಲಾದ ಕಡೆಗೆ ಮುಖ ಮಾಡಿ ನಮಾಝ್ ಮಾಡುವವರು. ಆದರೂ ತಕ್ಕಡಿ ಒಬ್ಬಳ ಕೈಯಲ್ಲಿತ್ತು.

ದ್ವೀಪದವರು ಎಲ್ಲವನ್ನೂ ಸಹಿಸಿಕೊಂಡು ಕೂರಲಿಲ್ಲ. 1780ರ ದಶಕದಲ್ಲಿ ಅಮಿನಿ ದ್ವೀಪದವರು ಬೀವಿಯ ಆಳ್ವಿಕೆಯ ವಿರುದ್ಧ ಎದ್ದರು, ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಬೀವಿ ಟಿಪ್ಪುವಿನ ಮಿತ್ರಪಕ್ಷದವಳು. ಆದರೂ ಮಾತುಕತೆಯ ಬಳಿಕ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಯ ಪಾಲಾಗಿ ಮಂಗಳೂರಿನ ಆಡಳಿತಕ್ಕೆ ಬಂದವು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಆದರೆ ಧಣಿ ಬದಲಾದರೂ ಹಗ್ಗದ ಏಕಸ್ವಾಮ್ಯ ಹೋಗಲಿಲ್ಲ, ಸರಕಾರದ ಹೆಸರಿನಲ್ಲಿ ಮುಂದುವರಿಯಿತು.

ಉಳಿದ ದ್ವೀಪಗಳನ್ನೂ ಅರಕ್ಕಲ್ ಉಳಿಸಿಕೊಳ್ಳಲಾಗಲಿಲ್ಲ. 1847ರ ಚಂಡಮಾರುತ ದ್ವೀಪಗಳನ್ನು ನೆಲಸಮ ಮಾಡಿತು. ಕಂಪನಿಯ ಬಾಕಿ ಬೆಳೆಯಿತು. 1875ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮನೆತನ ತನ್ನ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟಿತು.

ನಮ್ಮ ಪೂರ್ವಜರ ಚರಿತ್ರೆಯನ್ನು ಇಂದು ಕೆಲವರು ಬರೀ ಕ್ರೌರ್ಯವೆಂದು ಬರೆಯುತ್ತಾರೆ. ಅದಕ್ಕೆ ಪ್ರತಿಯಾಗಿ ನಮ್ಮವರು ಬರೀ ವೈಭವವೆಂದು ಬರೆಯುತ್ತಾರೆ. ಎರಡರಲ್ಲೂ ಅಮಿನಿಯ ಹೆಂಗಸಿಗೆ ಜಾಗವಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಅರಕ್ಕಲ್ ಬೀವಿಯ ಕತೆಯನ್ನು ಖಂಡಿತ ಹೇಳೋಣ. ಹೆಣ್ಣು ಆಳಬಾರದು ಎನ್ನುವವರಿಗಂತೂ ಹೇಳಲೇಬೇಕು. ಜೊತೆಗೆ, ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು ನಾರು ಹೊಸೆದವಳ ಕತೆಯನ್ನೂ ಹೇಳೋಣ. ನ್ಯಾಯವನ್ನು ಬಿಟ್ಟುಕೊಟ್ಟು ಅಭಿಮಾನಪಡಲು ನಮ್ಮ ದೀನ್ ನಮಗೆ ಕಲಿಸಿಲ್ಲ.