‘ಆಫ್‌ಸೆಟ್’ ಪದದ ಅರ್ಥಗಳೂ ಘಟ್ಟದ ಮೇಲಿನ ಲೆಕ್ಕಗಳೂ

ಇಂಗ್ಲಿಷಿನಿಂದ ನಮ್ಮ ವ್ಯವಹಾರಕ್ಕೆ ಬಂದ ಶಬ್ದಗಳಲ್ಲಿ ‘ಆಫ್‌ಸೆಟ್’ ಎಂಬುದು ಅನೇಕಾರ್ಥಗಳಿಂದ ಕೂಡಿದ ಒಂದು ಶಬ್ದ. ಹದಿನಾರನೆಯ ಶತಮಾನದಲ್ಲಿ ಅದು ‘ಆರಂಭ’ವೆಂಬ ಅರ್ಥವನ್ನು ಕೊಡುತ್ತಿತ್ತು. ತರುವಾಯ ಸಸ್ಯದ ಬುಡದಿಂದ ಒಡೆಯುವ ಮರಿಗೆ ಆ ಹೆಸರು ಬಂದಿತು. ನಮ್ಮ ಅಡಕೆ ತೋಟಗಳಲ್ಲಿ ಬೆಳೆಯುವ ಬಾಳೆಯ ಕಂದು ಇದಕ್ಕೆ ಒಳ್ಳೆಯ ನಿದರ್ಶನ. ಮೋಜಣಿದಾರನಿಗೆ ಅದು, ನೇರವಾಗಿ ಎಳೆದ ಸರಪಳಿಯಿಂದ ಹೊಲದ ಅಂಚಿಗೆ ಲಂಬವಾಗಿ ಅಳೆದ ದೂರ. ಮುದ್ರಕನಿಗಾದರೋ, ಫಲಕದ ಮೇಲಿನ ಮಸಿಯು ಮೊದಲು ರಬ್ಬರಿನ ಹೊದಿಕೆಗೆ ಇಳಿದು, ಅಲ್ಲಿಂದ ಕಾಗದಕ್ಕೆ ಒತ್ತಲ್ಪಡುವ ಕ್ರಮ. ಲೆಕ್ಕಿಗನ ಬಾಯಲ್ಲಿ ಮಾತ್ರ ಅದು, ಒಂದು ಬಾಬನ್ನು ಇನ್ನೊಂದು ಬಾಬಿಗೆ ಎದುರಾಗಿ ಇಟ್ಟು ಸರಿಗಟ್ಟುವುದು. ಈ ಕೊನೆಯ ಅರ್ಥವು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಇತಿಹಾಸದಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಶಬ್ದವು ಪರಕೀಯವಾದರೂ ಕಲ್ಪನೆ ನಮಗೆ ಹೊಸದಲ್ಲ. ಕನ್ನಡದ ಜಮಾಖರ್ಚಿನಲ್ಲಿ ‘ವಜಾ’, ‘ಮುಜರಾ’ ಎಂಬ ಮಾತುಗಳು ಬಹುಕಾಲದಿಂದ ರೂಢಿಯಲ್ಲಿವೆ. ಕಂದಾಯದಲ್ಲಿ ವಜಾ ಹಾಕಿಕೊಡುವುದೆಂಬ ಅರ್ಥದ ‘ಮುಜರಾ’ದಿಂದಲೇ ದೇವಸ್ಥಾನಗಳ ‘ಮುಜರಾಯಿ’ ಇಲಾಖೆಗೆ ಆ ಹೆಸರು ಬಂದುದು. ಆದರೆ ಯಾವುದಕ್ಕೆ ಯಾವುದನ್ನು ವಜಾ ಹಾಕಬಹುದು? 1908ರ ದಿವಾಣಿ ಸಂಹಿತೆಯು ಇದಕ್ಕೆ ಕಟ್ಟುನಿಟ್ಟಾದ ನಿಬಂಧನೆಗಳನ್ನು ವಿಧಿಸಿದೆ: ವಜಾ ಕೇಳುವ ಮೊತ್ತವು ಹಣವಾಗಿರಬೇಕು, ಅದು ನಿಶ್ಚಿತವಾಗಿದ್ದು ಕಾಯದೆಯಂತೆ ವಸೂಲಿಗೆ ಅರ್ಹವಾಗಿರಬೇಕು, ಉಭಯ ಪಕ್ಷದವರೂ ಎರಡು ಲೆಕ್ಕಗಳಲ್ಲಿಯೂ ಒಂದೇ ಹೈಸಿಯತ್ತಿನಲ್ಲಿ ನಿಂತಿರಬೇಕು. ನ್ಯಾಯಾಲಯದ ಈ ಒರೆಗಲ್ಲನ್ನು ಇತಿಹಾಸಕಾರನೂ ಬಳಸಬಹುದೆಂದು ನಮ್ಮ ಅಭಿಪ್ರಾಯ.

ಮೊದಲು ಅಡಕೆಯ ವ್ಯಾಪಾರವನ್ನು ನೋಡೋಣ. ತೋಟಿಗನು ವ್ಯಾಪಾರಿಯಿಂದ ಮುಂಗಡ ಪಡೆದು ಬೆಳೆಯನ್ನು ಅವನಿಗೇ ಒಪ್ಪಿಸುತ್ತಿದ್ದಲ್ಲಿ ವಜಾ ನಡೆಯುತ್ತಿತ್ತು, ನಿಜ. ಆದರೆ ಸಾಲಗಾರನ ಮಾಲಿಗೆ ದರ ಕಟ್ಟುವವನು ಸಾಲ ಕೊಟ್ಟವನೇ ಆದಾಗ, ಲೆಕ್ಕದ ಒಂದು ತಟ್ಟೆ ಅವನ ಕೈಯಲ್ಲಿಯೇ ಇರುತ್ತಿತ್ತು. 1923ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರರ ಸಹಕಾರಿ ಮಾರಾಟ ಸಂಘದ ಮಹತ್ವವು ಇಲ್ಲಿದೆ. ಸಂಘವೂ ಮುಂಗಡ ಕೊಟ್ಟಿತು, ಮಾರಿದ ಅಡಕೆಯ ಹಣದಲ್ಲಿ ಅದನ್ನು ವಜಾ ಹಾಕಿಕೊಂಡಿತು. ಆದರೆ ದರವು ಹಲವು ಖರೀದಿದಾರರ ಸ್ಪರ್ಧೆಯಿಂದ ನಿಶ್ಚಯವಾದುದರಿಂದ ಎರಡೂ ಮೊತ್ತಗಳು ಬೆಳೆಗಾರನಿಗೆ ಕಾಣುವಂತಾದವು. ವಜಾ ಹಾಕುವ ಕ್ರಿಯೆ ಹಳೆಯದೇ. ಅದರ ನ್ಯಾಯ ಮಾತ್ರ ಹೊಸದು.

ಎರಡನೆಯ ನಿದರ್ಶನವು ಸಿದ್ದಾಪುರದ್ದು. 1932ರ ಕರನಿರಾಕರಣೆಯ ಚಳವಳಿಯಲ್ಲಿ ಅಂಕೋಲೆಯ ರೈತರಂತೆ ಸಿದ್ದಾಪುರದ ರೈತರೂ ಕಂದಾಯ ಕೊಡಲು ಒಪ್ಪಲಿಲ್ಲ. ಸರ್ಕಾರವು ಅವರ ಜಮೀನುಗಳನ್ನು ಮುಟ್ಟುಗೋಲು ಹಾಕಿ ಹರಾಜು ಮಾಡಿತು. ದಫ್ತರದ ದೃಷ್ಟಿಯಲ್ಲಿ ಇದು ಬಾಕಿಗೆ ಭೂಮಿಯನ್ನು ಸರಿಗಟ್ಟಿದ ವ್ಯವಹಾರ, ಲೆಕ್ಕ ಚುಕ್ತಾ. ಆದರೆ ಊರಿನವರು ಈ ಚುಕ್ತಾವನ್ನು ಒಪ್ಪಲಿಲ್ಲ. ಹರಾಜಿನ ಜಮೀನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಮಹಿಳೆಯರು ಉಪವಾಸ ಕುಳಿತುದು ಇದಕ್ಕೆ ಸಾಕ್ಷಿ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ತರುವಾಯ ಜಮೀನುಗಳನ್ನು ಹಿಂದಿರುಗಿಸುವ ಕ್ರಮ ಕೈಗೊಂಡುದು, ಆ ಹಿಂದಿನ ಸರಿಗಟ್ಟುವಿಕೆಯು ನಿಲ್ಲತಕ್ಕುದಲ್ಲವೆಂದು ಒಪ್ಪಿದಂತೆಯೇ ಆಯಿತು.

ಮೂರನೆಯದು ಕಾಡಿನ ಲೆಕ್ಕ. ಈ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಗರಿಷ್ಠ 9 ಎಕರೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯಿದೆ. ಘಟ್ಟದ ಕೆಳಗೆ ಈ ಪ್ರಮಾಣ 4 ಎಕರೆ. ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪು, ದರಕು ಅಲ್ಲಿಂದಲೇ ಬರತಕ್ಕುದು. ಹೀಗಿರುವಲ್ಲಿ ಮರವೆಂದರೆ ಬರಿಯ ಸಂಖ್ಯೆಯಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಅಪ್ಪಿಕೋ ಚಳವಳಿಯ ಹಿಂದೆ ಈ ತಿಳಿವಳಿಕೆಯಿತ್ತು: ಸಹಜಾರಣ್ಯದ ನೂರು ಜಾತಿಗಳಿಗೆ ಸಾಗುವಾನಿಯ ಸಾಲುಗಳು ವಜಾ ಆಗಲಾರವು. ಅದಕ್ಕೆ ಮೊದಲೇ, 1981ರ ಜನವರಿಯಲ್ಲಿ, ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ಚರ್ಚಿಸಲು ವಿಜ್ಞಾನಿಗಳನ್ನೂ ರೈತರನ್ನೂ ಶಿರಸಿಯಲ್ಲಿ ಕೂಡಿಸಿದುದು ಮೇಲೆ ಹೇಳಿದ ತೋಟಗಾರರ ಸಂಘವೇ. ಉತ್ಪನ್ನವಾಗುವ ವಿದ್ಯುತ್ತಿನ ಬೆಲೆಗೆ ಎದುರಾಗಿ ಮುಳುಗುವ ತೋಟ, ಕಾಡುಗಳ ಬೆಲೆಯನ್ನು ಪೂರ್ಣವಾಗಿ ಬರೆದಿದೆಯೇ ಎಂಬುದೇ ಅಲ್ಲಿಯ ಪ್ರಶ್ನೆ. ಯೋಜನೆಯು ಆಗ ಮುಂದುವರಿಯಲಿಲ್ಲ. ದಿನವೂ ವಜಾ ಬರೆಯುವ ಸಂಸ್ಥೆಗೆ ವಜಾದ ಮೇರೆ ಎಲ್ಲಿಯವರೆಗೆಂಬುದು ತಿಳಿದಿತ್ತೆಂದು ಹೇಳಬಹುದು.

1980ರ ಅರಣ್ಯ ಸಂರಕ್ಷಣಾ ಕಾಯದೆಯ ತರುವಾಯ ಪರಿಹಾರಾತ್ಮಕ ಅರಣ್ಯೀಕರಣವು ಆಡಳಿತದಲ್ಲಿ ಬೇರೂರಿತು. ಇತ್ತೀಚೆಗೆ ಒಂದು ದೇಶದ ಹೊಗೆಗೆ ಇನ್ನೊಂದು ದೇಶದ ಮರವನ್ನು ಸರಿಗಟ್ಟುವ ‘ಕಾರ್ಬನ್ ಆಫ್‌ಸೆಟ್’ ಎಂಬ ಮಾತೂ ಬಂದಿದೆ. ಇವುಗಳನ್ನು ಸಾರಾಸಗಟಾಗಿ ತಿರಸ್ಕರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಇಲ್ಲಿ ಕಳೆದುಕೊಳ್ಳುವವನೂ ಪಡೆಯುವವನೂ ಬೇರೆ ಬೇರೆ. ಕಳೆದ ವಸ್ತುವಿಗೂ ಪಡೆದ ವಸ್ತುವಿಗೂ ಒಂದೇ ಅಳತೆಯಿಲ್ಲ. ಇಂತಹ ಲೆಕ್ಕ ಕಡತದಲ್ಲಿ ಎದುರಾದಾಗ, ‘ಸರಿಹೋಯಿತು’ ಎಂಬ ಕೊನೆಯ ಸಾಲನ್ನು ನಂಬುವ ಮೊದಲು ಎರಡೂ ಬದಿಯ ಬಾಬುಗಳನ್ನು ಬರೆದವರು ಯಾರು, ದರ ಕಟ್ಟಿದವರು ಯಾರು ಎಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ.