ಚಂದ್ರಗಿರಿಯ ಈಚೆ: ನಾಯಕರ ಲೆಕ್ಕ ಮತ್ತು ನಮ್ಮ ಭಾಷೆ

ಕಾಸರಗೋಡಿನ ಕತೆ 1956ರ ನವೆಂಬರ್ 1ರಿಂದ ಶುರುವಾಗುತ್ತದೆ ಎಂದೇ ಎಲ್ಲರೂ ಹೇಳುವುದು. ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಬರೇ ಭಾಷೆಯ ಆಧಾರದಲ್ಲಿ ರಾಜ್ಯ ಮಾಡುವುದು ಬೇಡವೆಂದು 1948ರಲ್ಲಿ ಧರ್ ಆಯೋಗ ಹೇಳಿತ್ತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಕಾಂಗ್ರೆಸ್ ಸಮಿತಿಯೂ ಅದನ್ನು ಮುಂದೂಡಬೇಕೆಂದಿತು. ದೇಶ ಒಡೆದು ಹೆಚ್ಚು ದಿನ ಆಗಿರಲಿಲ್ಲ, ಅವರ ಹೆದರಿಕೆ ಸುಳ್ಳಲ್ಲ. ಆದರೆ 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ತೀರಿಕೊಂಡ ಮೇಲೆ ಆಂಧ್ರವನ್ನು ಕೊಡಲೇಬೇಕಾಯಿತು. ಹೀಗೆ ಒತ್ತಡಕ್ಕೆ ಸಿಕ್ಕಿ ಹೊರಟ ಕೆಲಸದಲ್ಲಿ ಅಂಚಿನ ಊರುಗಳನ್ನು ನಿಧಾನವಾಗಿ ನೋಡುವವರು ಯಾರು?

ಫಜಲ್ ಅಲಿ ಆಯೋಗ ಕಾಸರಗೋಡನ್ನು ಒಂದಿಡೀ ತಾಲೂಕಾಗಿ ಎಣಿಸಿತು. ಆಗಿನ ತಾಲೂಕು ತಲಪಾಡಿಯಿಂದ ತೃಕ್ಕರಿಪುರದವರೆಗೆ. ಒಟ್ಟು ಲೆಕ್ಕದಲ್ಲಿ ಮಲಯಾಳ ಮಾತಾಡುವವರು ಶೇಕಡಾ 72ರಷ್ಟು. ತಾಲೂಕು ಕೇರಳಕ್ಕೆ ಹೋಯಿತು. ಆಯೋಗದ ಮೂವರಲ್ಲಿ ಪಣಿಕ್ಕರ್ ಮಲಯಾಳಿ, ಅದಕ್ಕೇ ಹೀಗಾಯಿತು ಎಂದು ದೂರುವವರು ಈಗಲೂ ಇದ್ದಾರೆ. ನನಗೆ ಅದಕ್ಕಿಂತ ಎಣಿಸಿದ ರೀತಿ ದೊಡ್ಡದಾಗಿ ಕಾಣುತ್ತದೆ. ಚಂದ್ರಗಿರಿ ಹೊಳೆಯ ಆಚೆ ಈಚೆ ಬೇರೆ ಬೇರೆ ಎಣಿಸಿದರೆ ಚಿತ್ರವೇ ಬೇರೆ.

ಇನ್ನು ನಮ್ಮ ಬ್ಯಾರಿಗಳನ್ನು ಯಾವ ಕಡೆಗೆ ಎಣಿಸುವುದು? ಉಮ್ಮನ ಹತ್ತಿರ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತೆಂಕಣ ನೆಂಟರ ಹತ್ತಿರ ಮಲಯಾಳ. ಗೆರೆ ಎಳೆಯುವವರ ಲೆಕ್ಕದಲ್ಲಿ ಮಾತ್ರ ಒಬ್ಬನಿಗೆ ಒಂದೇ ಭಾಷೆ.

1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದಿತು. ಕೇರಳ ಒಪ್ಪಲಿಲ್ಲ. ಅದೇ ವರದಿ ಬೆಳಗಾವಿ ಮೈಸೂರಿನಲ್ಲೇ ಇರಲಿ ಎಂದದ್ದರಿಂದ ಮಹಾರಾಷ್ಟ್ರವೂ ಒಪ್ಪಲಿಲ್ಲ. ಅಲ್ಲಿಂದ ಬೆಂಗಳೂರಿನಲ್ಲಿ ಯಾವ ಪಕ್ಷದ ಸರಕಾರ ಬಂದರೂ ಮಹಾಜನ್ ವರದಿಯೇ ಅಂತಿಮ ಎನ್ನುತ್ತದೆ. ಬೆಳಗಾವಿಯಲ್ಲಿ ಗಲಾಟೆಯಾದಾಗ ಈ ಮಾತು ಗಟ್ಟಿಯಾಗಿ ಕೇಳುತ್ತದೆ. ಕಾಸರಗೋಡು ಅದರ ಬಾಲದಲ್ಲಿ ಬರುತ್ತದೆ, ಅಷ್ಟೆ.

ಮಂಜೇಶ್ವರದವರು ತಮ್ಮ ಮನಸ್ಸನ್ನು ಓಟಿನಲ್ಲೇ ಹೇಳಿದ್ದರು. 1957ರಲ್ಲಿ ಉಮೇಶ ರಾವ್ ಪಕ್ಷೇತರರಾಗಿ ಅವಿರೋಧ ಆಯ್ಕೆಯಾದರು. ಎದುರು ನಿಲ್ಲುವವರೇ ಇರಲಿಲ್ಲ! 1960ರಲ್ಲೂ 1967ರಲ್ಲೂ ಮಹಾಬಲ ಭಂಡಾರಿ ಗೆದ್ದರು. 1970ರಿಂದ ಕಮ್ಯುನಿಸ್ಟ್ ಪಕ್ಷ, ಆಮೇಲೆ ಮುಸ್ಲಿಂ ಲೀಗ್. ವಿಲೀನದ ಆಸೆ ಸತ್ತಿತೆಂದು ಕೆಲವರು ಇದನ್ನು ಓದುತ್ತಾರೆ. ರೇಷನ್, ರಸ್ತೆ, ಪಿಂಚಣಿ ತಿರುವನಂತಪುರದಿಂದಲೇ ಬರಬೇಕಾದ ಮೇಲೆ ಜನ ಅಲ್ಲಿ ಬಾಗಿಲು ತಟ್ಟಬಲ್ಲವರನ್ನು ಆರಿಸಿದರು ಎಂದು ನಾನು ಓದುತ್ತೇನೆ.

2021ರಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಕನ್ನಡವನ್ನು ಒಂದು ಧರ್ಮಕ್ಕೆ ಕಟ್ಟಿ ಮಾತಾಡುವವರು ಅದನ್ನು ಒಮ್ಮೆ ನೋಡಬೇಕು. ಪ್ರಮಾಣವಚನ ಒಂದು ನಿಮಿಷದ್ದು. ಆ ಮೇಲೆ ಉಳಿದದ್ದು ಅರ್ಜಿ ಫಾರಂ, ಆಸ್ಪತ್ರೆಯ ಬೋರ್ಡು, ಪಿ.ಎಸ್.ಸಿ. ನೇಮಕಾತಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರ ವ್ಯವಹಾರ ಮಾಡುವ ಹಕ್ಕಿದೆ. ಆದರೂ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಮಕ್ಕಳೂ ಪೋಷಕರೂ ಶಾಲೆಯ ಗೇಟಿನಲ್ಲಿ ಕೂರಬೇಕಾಗುತ್ತದೆ.